ಅತಿಥಿಯ ಕೋಣೆ, ನಿವಾಸಿಯ ಮನೆ: ವಾರಾಣಸಿಯ ಹೋಮ್‌ಸ್ಟೇಗಳು ಮತ್ತು ಶ್ರಾವಕ ಧರ್ಮ



ಕಾಶಿ ಎಂದೊಡನೆ ಜೈನ ಕುಟುಂಬಗಳಿಗೆ ನೆನಪಾಗುವವರು ನಾಲ್ವರು ತೀರ್ಥಂಕರರು. ಏಳನೆಯ ಸುಪಾರ್ಶ್ವನಾಥರು ಜನಿಸಿದ ನೆಲ ಗಂಗೆಯ ದಡದ ಭದೈನಿ. ಹನ್ನೊಂದನೆಯ ಶ್ರೇಯಾಂಸನಾಥರದು ಸಾರನಾಥದ ಬಳಿಯ ಸಿಂಹಪುರಿ. ಇಪ್ಪತ್ತಮೂರನೆಯ ಪಾರ್ಶ್ವನಾಥರದು ಭೇಲೂಪುರ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಚಂದ್ರನಾಥನಾಗಿ ಪೂಜೆಗೊಳ್ಳುವ ಎಂಟನೆಯ ತೀರ್ಥಂಕರರ ಜನ್ಮಸ್ಥಾನವು ನಗರದ ಹೊರಗೆ, ಗಂಗಾತೀರದ ಚಂದ್ರಾವತಿ. ಸಮ್ಮೇದ ಶಿಖರ್ಜಿಗೆ, ರಾಜಗೃಹಕ್ಕೆ, ಪಾವಾಪುರಿಗೆ ಹೊರಟ ಯಾತ್ರಿಕರಲ್ಲಿ ಅನೇಕರು ದಾರಿಯಲ್ಲಿ ಕಾಶಿಯಲ್ಲಿ ಒಂದೆರಡು ರಾತ್ರಿ ತಂಗುತ್ತಾರೆ.

ಹಿಂದೆ ಆ ತಂಗುವಿಕೆಗೆ ಧರ್ಮಶಾಲೆಯೊಂದೇ ದಾರಿಯಾಗಿತ್ತು. ಪತ್ರ ಬರೆದು ಕೋಣೆ ಕೇಳುತ್ತಿದ್ದರು. ಸಿಗದಿದ್ದರೆ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ಇಂದು ಮುಂಬಯಿಯ ಅಥವಾ ಅಮೆರಿಕದ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿಯೇ ಅಸ್ಸಿಯ ಗಲ್ಲಿಯೊಂದರ ಕೋಣೆಯನ್ನು ಗೊತ್ತುಮಾಡಬಹುದು. ಸ್ವಚ್ಛವಾದ ಹಾಸಿಗೆ, ಬಿಸಿನೀರು, ಗಂಗೆಯ ಕಡೆಗೆ ತೆರೆಯುವ ಕಿಟಕಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾತ್ರಿಕರು ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಮೊನ್ನೆಯವರೆಗೆ ಈ ಕೋಣೆಯಲ್ಲಿ ಯಾರು ವಾಸವಾಗಿದ್ದರು? ಅವರು ಈಗ ಎಲ್ಲಿದ್ದಾರೆ?

ಈ ಉಪನ್ಯಾಸದ ವಿಷಯ ಆ ಪ್ರಶ್ನೆಯೇ.

ಮೊದಲು ಯಾತ್ರಿಕನ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡುವುದು ನ್ಯಾಯ. ಕವಿ ಬನಾರಸೀದಾಸರ ಹೆಸರು ಜೈನ ಓದುಗರಿಗೆ ಹೊಸದಲ್ಲ. ಅವರಿಗೆ ಆ ಹೆಸರು ಬಂದುದೇ ಪಾರ್ಶ್ವನಾಥರ ಈ ನಗರದಿಂದ. 1641ರಲ್ಲಿ ಅವರು ಬರೆದ ಆತ್ಮಕಥೆ ‘ಅರ್ಧಕಥಾನಕ’ದಲ್ಲಿ ಒಂದು ಮಳೆಯ ರಾತ್ರಿಯ ಪ್ರಸಂಗವಿದೆ. ವ್ಯಾಪಾರಕ್ಕೆಂದು ಹೊರಟಿದ್ದ ಯುವಕ ಬನಾರಸೀದಾಸರು ಜೊತೆಗಾರರೊಂದಿಗೆ ಇಟಾವಾ ಸಮೀಪ ಬಿರುಮಳೆಗೆ ಸಿಕ್ಕಿಕೊಂಡರು. ಸರಾಯಿಯಲ್ಲಿ ಸ್ಥಳವಿರಲಿಲ್ಲ. ಊರಿನಲ್ಲಿ ಯಾರೂ ಬಾಗಿಲು ತೆರೆಯಲಿಲ್ಲ. ಕೊನೆಗೆ ಕಾವಲುಗಾರರ ಗುಡಿಸಲೊಂದರಲ್ಲಿ ಆಶ್ರಯ ದೊರೆಯಿತು. ಅಲ್ಲಿಗೂ ಮತ್ತೊಬ್ಬ ಬಂದು ತಕರಾರು ತೆಗೆದಾಗ, ಅವನ ಮಂಚದ ಕೆಳಗೆ ಮಲಗಿ ಅವರು ಬೆಳಗು ಮಾಡಿದರು. ಹೊರಟವನಿಗೆ ರಾತ್ರಿಯೊಂದನ್ನು ಕಳೆಯಲು ಸೂರು ಸಿಗದಿರುವ ಸಂಕಟವನ್ನು ಇಷ್ಟು ಸರಳವಾಗಿ ಹೇಳಿದ ಪ್ರಸಂಗಗಳು ವಿರಳ.

ಆದ್ದರಿಂದಲೇ ಜೈನ ಪರಂಪರೆಯು ಸೂರು ಕೊಡುವುದನ್ನು ಪುಣ್ಯಕಾರ್ಯವೆಂದು ಎಣಿಸಿತು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ ದಾನದ ನಾಲ್ಕು ಬಗೆಗಳಲ್ಲಿ ಒಂದೆಂದು ಹೇಳುತ್ತದೆ. ಕನ್ನಡದ ‘ಬಸದಿ’ ಎಂಬ ಮಾತೂ ‘ವಸತಿ’ ಎಂಬುದರಿಂದಲೇ ಬಂದಿದೆ. ಬಂದವರಿಗೆ ವಸತಿ ಕಲ್ಪಿಸುವುದನ್ನು ಈ ಪರಂಪರೆ ವಿರೋಧಿಸಲಾರದು. ಆ ವಸತಿ ಯಾರ ಪಾಲಿನಿಂದ ಬಂತು ಎಂಬುದನ್ನು ಮಾತ್ರ ಅದು ವಿಚಾರಿಸುತ್ತದೆ.

ವಾರಾಣಸಿಯಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಏನಾಯಿತೆಂಬುದನ್ನು ಈಗ ನೋಡಬಹುದು.

2011ರ ಜನಗಣತಿಯಂತೆ ವಾರಾಣಸಿ ನಗರದ ಜನಸಂಖ್ಯೆ ಸುಮಾರು 12 ಲಕ್ಷ. 2019ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಗೊಂಡ ಕಾಶಿ ವಿಶ್ವನಾಥ ಧಾಮದ ಮೊದಲ ಹಂತವು 2021ರ ಡಿಸೆಂಬರ್ 13ರಂದು ಉದ್ಘಾಟನೆಯಾಯಿತು. ಸುಮಾರು 3,000 ಚದರಡಿಯಷ್ಟಿದ್ದ ದೇವಾಲಯದ ಆವರಣವು 5 ಲಕ್ಷ ಚದರಡಿಯಷ್ಟಾಯಿತು. ಇದಕ್ಕಾಗಿ ಸುತ್ತಲಿನ 300ಕ್ಕೂ ಹೆಚ್ಚು ಆಸ್ತಿಗಳನ್ನು ಕೊಳ್ಳಲಾಯಿತು. ಸುಮಾರು 1,400 ಮಂದಿ ಅಂಗಡಿಕಾರರು, ಬಾಡಿಗೆದಾರರು, ಮನೆಮಾಲೀಕರಿಗೆ ಪುನರ್ವಸತಿ ಕಲ್ಪಿಸಲಾಯಿತೆಂದು ಕೇಂದ್ರ ಸರ್ಕಾರ ತಿಳಿಸಿತು. ನಗರದ ಹೃದಯಭಾಗದಲ್ಲಿ ವಾಸಕ್ಕಿದ್ದ ಕಟ್ಟಡಗಳು ಕಡಿಮೆಯಾದವು; ಬರುವವರ ಸಂಖ್ಯೆ ಏರಿತು. 2024ರಲ್ಲಿ ಬಂದವರು 10 ಕೋಟಿ ದಾಟಿದರೆಂಬುದು ಪ್ರವಾಸೋದ್ಯಮ ಇಲಾಖೆಯ ಲೆಕ್ಕ. ಅವರಲ್ಲಿ ದಿನದೊಳಗೆ ಮರಳಿದವರೂ ಬಹಳ. ಆದರೂ ನೂರರಲ್ಲಿ ಐದು ಮಂದಿ ಒಂದೇ ಒಂದು ರಾತ್ರಿ ಉಳಿದರೆಂದು ಇಟ್ಟುಕೊಂಡರೂ ವರ್ಷಕ್ಕೆ 50 ಲಕ್ಷ ಹಾಸಿಗೆಗಳು ಬೇಕಾಗುತ್ತವೆ.

ಈ ಪ್ರವಾಹದಲ್ಲಿ ಕರ್ನಾಟಕದ ಪಾಲೂ ಇದೆ. ಕಾಶಿಯಾತ್ರೆಗೆ ಹೋಗುವವರಿಗೆ ರಾಜ್ಯ ಸರ್ಕಾರ 5,000 ರೂಪಾಯಿ ಸಹಾಯಧನ ಪ್ರಕಟಿಸಿತು. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಕಾಶಿಗೆ ಭಾರತ್ ಗೌರವ್ ರೈಲು ಹೊರಟಿತು. ಯಾತ್ರೆಗೆ ಹಣ ಕೊಡುವ ಸರ್ಕಾರವು ಯಾತ್ರಿಕರನ್ನು ಬರಮಾಡಿಕೊಳ್ಳುವ ಊರಿನ ವಸತಿಯ ಬಗ್ಗೆಯೂ ಯೋಚಿಸಬೇಕೆಂದು ಕೇಳುವುದು ಅತಿಯಾಗದು.

ಬೇಡಿಕೆ ಹೆಚ್ಚಿದರೆ ಹೊಸ ಕಟ್ಟಡಗಳು ಬರುತ್ತವೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಘಾಟ್‌ಗಳ ಬಳಿ ಅದು ಸಾಧ್ಯವಿಲ್ಲ. ಗಂಗೆಯ ದಡದಿಂದ 200 ಮೀಟರ್‌ವರೆಗೆ ಹೊಸ ನಿರ್ಮಾಣಕ್ಕೆ ನಿಷೇಧವಿದೆ. ಹಳೆಯ ಮನೆಯ ದುರಸ್ತಿಗೂ ಪ್ರಾಧಿಕಾರದ ಅನುಮತಿ ಬೇಕು. ನದಿಯ ಮತ್ತು ಪುರಾತನ ನಗರದ ರಕ್ಷಣೆಗಾಗಿ ಬಂದ ಈ ನಿಯಮ ಸರಿಯಾದುದೇ. ಅದರ ಫಲವನ್ನು ಮಾತ್ರ ಅರಿತಿರಬೇಕು. ಪ್ರವಾಸಿ ಬಯಸುವುದು ಅದೇ ದಡವನ್ನು. ಅಲ್ಲಿ ಹೊಸ ಗೋಡೆ ಏಳುವಂತಿಲ್ಲ. ಹಾಗಿರುವಾಗ ಅತಿಥಿಗೆ ದೊರೆಯುವ ಪ್ರತಿಯೊಂದು ಹೊಸ ಕೋಣೆಯೂ ಈಗಾಗಲೇ ಇರುವ ಮನೆಯೊಳಗಿನಿಂದಲೇ ಬರಬೇಕು. ಇದು ಕೂಡುವ ಲೆಕ್ಕವಲ್ಲ, ಕಳೆಯುವ ಲೆಕ್ಕ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ತಿಂಗಳಿಗೆ 5,000 ರೂಪಾಯಿ ಕೊಟ್ಟು ಒಂದು ಕೋಣೆಯಲ್ಲಿದ್ದಾನೆ. ಅದೇ ಕೋಣೆಯನ್ನು ರಾತ್ರಿಗೆ 1,500 ರೂಪಾಯಿಯಂತೆ ಪ್ರವಾಸಿಗೆ ಕೊಟ್ಟರೆ ನಾಲ್ಕೇ ರಾತ್ರಿಗಳಲ್ಲಿ ವಿದ್ಯಾರ್ಥಿಯ ತಿಂಗಳ ಬಾಡಿಗೆಯನ್ನು ಮೀರಿಸಬಹುದು. ಉಳಿದ ಇಪ್ಪತ್ತಾರು ರಾತ್ರಿ ಕೋಣೆ ಖಾಲಿ ಬಿದ್ದಿದ್ದರೂ ಮಾಲೀಕನಿಗೆ ನಷ್ಟವಿಲ್ಲ. ಈ ಲೆಕ್ಕ ಮಾಡಿದ ಮಾಲೀಕನನ್ನು ದುಷ್ಟನೆನ್ನಬೇಕಾಗಿಲ್ಲ. ಆದರೆ ಒಂದು ಗಲ್ಲಿಯ ಹತ್ತು ಮಾಲೀಕರು ಇದೇ ಲೆಕ್ಕ ಮಾಡಿದರೆ ಆ ಗಲ್ಲಿಯಲ್ಲಿ ವಿದ್ಯಾರ್ಥಿಗೆ, ನೇಕಾರನಿಗೆ, ದೋಣಿ ನಡೆಸುವವನಿಗೆ, ಶಾಲೆಯ ಉಪಾಧ್ಯಾಯಿನಿಗೆ ಸ್ಥಳವಿರುವುದಿಲ್ಲ. ಯಾರೂ ಯಾರನ್ನೂ ಹೊರಹಾಕಿದಂತೆ ಕಾಣುವುದಿಲ್ಲ. ಕರಾರು ಮುಗಿಯುತ್ತದೆ, ಮತ್ತೆ ಬರೆಯಲಾಗುವುದಿಲ್ಲ, ಅಷ್ಟೇ.

ಹಳೆಯ ಬಾಡಿಗೆದಾರರ ಸ್ಥಿತಿ ಇನ್ನಷ್ಟು ಸೂಕ್ಷ್ಮ. ಉತ್ತರ ಪ್ರದೇಶದಲ್ಲಿ ದೀರ್ಘಕಾಲ 1972ರ ಬಾಡಿಗೆ ನಿಯಂತ್ರಣ ಕಾಯ್ದೆ ಜಾರಿಯಲ್ಲಿತ್ತು. ಅದರ ಆಶ್ರಯದಲ್ಲಿ ತಲೆಮಾರುಗಳ ಕಾಲ ಅತ್ಯಲ್ಪ ಬಾಡಿಗೆಗೆ ಇದ್ದ ಕುಟುಂಬಗಳುಂಟು. ಅಷ್ಟು ಬಾಡಿಗೆಯಲ್ಲಿ ಮನೆಯನ್ನು ದುರಸ್ತಿ ಮಾಡಿಸಲಾಗದೆ ಸೋತ ಮಾಲೀಕರೂ ಉಂಟು. 2021ರಲ್ಲಿ ಹೊಸ ಬಾಡಿಗೆ ಕಾಯ್ದೆ ಬಂತು. ಲಿಖಿತ ಕರಾರು, ಎರಡು ತಿಂಗಳ ಬಾಡಿಗೆಯನ್ನು ಮೀರದ ಮುಂಗಡ, ಬಾಡಿಗೆ ಏರಿಕೆಗೆ ಮಿತಿ ಎಲ್ಲವೂ ಅದರಲ್ಲಿವೆ. ಆದರೆ ಬಾಡಿಗೆಯ ಕಾಯ್ದೆ ಕಾಯುವುದು ಬಾಡಿಗೆದಾರನನ್ನು. ಮನೆಯು ಬಾಡಿಗೆಯ ಮಾರುಕಟ್ಟೆಯಿಂದಲೇ ಹೊರಗೆ ಹೋಗಿ ರಾತ್ರಿಯ ಲೆಕ್ಕದ ಬಿಡಾರವಾದಾಗ, ಆ ಕಾಯ್ದೆಗೆ ಕಾಯಲು ಯಾರೂ ಉಳಿಯುವುದಿಲ್ಲ.

ಸುರಕ್ಷತೆಯ ಮಾತೂ ಇಲ್ಲಿ ಸೇರುತ್ತದೆ. 2024ರ ಆಗಸ್ಟ್ 6ರಂದು ವಿಶ್ವನಾಥ ದೇವಾಲಯದ ಸಮೀಪದ ಗಲ್ಲಿಯಲ್ಲಿ ಎರಡು ಹಳೆಯ ಮನೆಗಳು ಕುಸಿದು ಒಬ್ಬ ಮಹಿಳೆ ಮೃತಪಟ್ಟರು, ಹಲವರು ಗಾಯಗೊಂಡರು. ಆ ಮನೆಗಳು ಬಿದ್ದುದಕ್ಕೆ ಪ್ರವಾಸಿಗಳು ಕಾರಣರೆಂದು ಹೇಳುವಂತಿಲ್ಲ. ಹಳೆಯ ನಗರದ ಗೋಡೆಗಳು ಎಷ್ಟು ದುರ್ಬಲವಾಗಿವೆ ಎಂಬುದನ್ನು ಮಾತ್ರ ಆ ಘಟನೆ ತೋರಿಸಿತು. ಅಂಥ ಗೋಡೆಗಳ ಮೇಲೆ ಕೋಣೆಗೊಂದು ಸ್ನಾನಗೃಹ, ಮಾಳಿಗೆಯ ಮೇಲೆ ನೀರಿನ ತೊಟ್ಟಿ, ಅದರ ಮೇಲೊಂದು ಊಟದ ಚಾವಡಿ ಕಟ್ಟುವ ಮುನ್ನ ಯಾರೋ ಒಬ್ಬರು ಬಂದು ಪರೀಕ್ಷಿಸಲೇಬೇಕು. ದೊಡ್ಡ ವಾಹನ ಒಳನುಗ್ಗಲಾರದ ಗಲ್ಲಿಯಲ್ಲಿ ಬೆಂಕಿ ಬಿದ್ದರೆ ಕನ್ನಡ ಮಾತ್ರ ಬಲ್ಲ ವೃದ್ಧ ಯಾತ್ರಿಕರು ಯಾವ ದಾರಿಯಲ್ಲಿ ಹೊರಗೆ ಬರಬೇಕೆಂಬುದನ್ನು ಯಾರಾದರೂ ಮೊದಲೇ ಯೋಚಿಸಿರಬೇಕು. ನಿಯಂತ್ರಣವೆಂದರೆ ಮೊದಲನೆಯದಾಗಿ ಇದು.

ಹಾಗಾದರೆ ನಿಯಮಗಳೇ ಇಲ್ಲವೇ? ಇವೆ. ಪ್ರಯಾಣಿಕರಿಗೆ ತಂಗಲು ಕೊಡುವ ಕಟ್ಟಡ ನೋಂದಣಿಯಾಗಬೇಕೆಂಬ ತತ್ತ್ವ ಭಾರತದಲ್ಲಿ 1867ರ ಸರಾಯಿ ಕಾಯ್ದೆಯಷ್ಟು ಹಳೆಯದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಮ್‌ಸ್ಟೇ ಯೋಜನೆಯು ಒಂದರಿಂದ ಆರು ಕೋಣೆಗಳವರೆಗೆ ಅವಕಾಶ ಕೊಟ್ಟು, ಮಾಲೀಕನ ಕುಟುಂಬ ಅದೇ ಮನೆಯಲ್ಲಿ ವಾಸವಾಗಿರಬೇಕೆಂದು ವಿಧಿಸುತ್ತದೆ. 2025ರ ಜೂನ್‌ನಲ್ಲಿ ಉತ್ತರ ಪ್ರದೇಶದ ಸಚಿವ ಸಂಪುಟ ತನ್ನದೇ ಹೋಮ್‌ಸ್ಟೇ ನೀತಿಗೆ ಒಪ್ಪಿಗೆ ಕೊಟ್ಟಿತು. ಆರು ಕೋಣೆ, ಹನ್ನೆರಡು ಹಾಸಿಗೆಗಳ ಮಿತಿ. ಅತಿಥಿ ಒಮ್ಮೆಗೆ ಏಳು ದಿನ ಉಳಿಯಬಹುದು. ಅನುಮತಿ ಕೊಡುವುದು ಜಿಲ್ಲಾಧಿಕಾರಿಯ ನೇತೃತ್ವದ ಸಮಿತಿ. ಹೆಸರು ವಿಳಾಸವಿಲ್ಲದೆ ನಡೆಯುತ್ತಿದ್ದ ವ್ಯವಹಾರವನ್ನು ದಾಖಲೆಗೆ ತಂದದ್ದು ಒಳ್ಳೆಯ ಹೆಜ್ಜೆ.

ಆದರೂ ಒಂದು ಕೊರತೆ ಉಳಿಯುತ್ತದೆ. ಈ ಮಿತಿಗಳೆಲ್ಲ ಒಂದೊಂದು ಮನೆಯನ್ನು ಬೇರೆಬೇರೆಯಾಗಿ ಅಳೆಯುತ್ತವೆ. ಒಂದು ಮನೆಯಲ್ಲಿ ಆರು ಕೋಣೆ ಮೀರಬಾರದು, ಸರಿ. ಒಂದೇ ಗಲ್ಲಿಯ ಮೂವತ್ತು ಮನೆಗಳೂ ಆರಾರು ಕೋಣೆಗಳ ಬಿಡಾರಗಳಾದರೆ? ಪ್ರತಿ ಮನೆಯೂ ನಿಯಮದೊಳಗಿರುತ್ತದೆ. ಗಲ್ಲಿ ಮಾತ್ರ ಗಲ್ಲಿಯಾಗಿ ಉಳಿದಿರುವುದಿಲ್ಲ. ಹಾಲು ತರುವವನಿಗೆ ಹಾಲು ಕೊಳ್ಳುವ ಮನೆಗಳಿರುವುದಿಲ್ಲ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಬಾಗಿಲು ತಟ್ಟಲು ಪರಿಚಿತ ನೆರೆಯವರಿರುವುದಿಲ್ಲ.

ಹೊರ ದೇಶಗಳ ನಗರಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರ್‌ನಿಂದ 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನಗರಾಡಳಿತದಲ್ಲಿ ನೋಂದಾಯಿಸಿಕೊಂಡಿರಬೇಕು, ತಾವೂ ಅದೇ ಮನೆಯಲ್ಲಿರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳನ್ನು ಇರಿಸಿಕೊಳ್ಳುವಂತಿಲ್ಲ. ಸ್ಪೇನಿನ ಬಾರ್ಸಿಲೋನಾ ನಗರದ ಮೇಯರ್ 2024ರ ಜೂನ್‌ನಲ್ಲಿ ಪ್ರವಾಸಿಗಳಿಗೆಂದೇ ಮೀಸಲಾದ 10,101 ಮನೆಗಳ ಪರವಾನಗಿಯನ್ನು 2028ರ ನವೆಂಬರ್‌ನ ಹೊತ್ತಿಗೆ ಕೊನೆಗೊಳಿಸುವುದಾಗಿ ಘೋಷಿಸಿದರು. ಆ ಊರುಗಳ ಮಾರ್ಗವನ್ನು ಹಾಗೆಯೇ ಕಾಶಿಗೆ ತರಬೇಕೆಂದಲ್ಲ. ಬಾರ್ಸಿಲೋನಾಕ್ಕೆ ಹೋಗುವವನು ವಿಹಾರಕ್ಕೆ ಹೋಗುತ್ತಾನೆ. ಕಾಶಿಗೆ ಬರುವವರಲ್ಲಿ ತಂದೆಯ ಅಸ್ಥಿಯನ್ನು ಕೈಯಲ್ಲಿ ಹಿಡಿದು ಬಂದವರೂ ಇದ್ದಾರೆ, ಸಾಯಲೆಂದೇ ಬರುವವರೂ ಇದ್ದಾರೆ. 1958ರಲ್ಲಿ ಸ್ಥಾಪನೆಯಾದ ಕಾಶೀ ಲಾಭ ಮುಕ್ತಿ ಭವನದಲ್ಲಿ ಅಂತ್ಯಕಾಲದ ವೃದ್ಧರಿಗೆ ಎರಡು ವಾರಗಳ ಮಿತಿಯಲ್ಲಿ ಕೋಣೆ ಕೊಡುವ ಪದ್ಧತಿಯಿದೆ. ಇಂಥ ಊರಿನಲ್ಲಿ ಬಾಗಿಲು ಮುಚ್ಚುವ ಕಾನೂನು ಕ್ರೂರವಾದೀತು. ಬೇಕಾದುದು ವಿವೇಚಿಸುವ ಕಾನೂನು.

ಆ ವಿವೇಚನೆಯ ಗೆರೆಯನ್ನು ಎಲ್ಲಿ ಎಳೆಯಬೇಕು? ಇಲ್ಲಿ ಶ್ರಾವಕಾಚಾರದ ಒಂದು ಪದ ನೆರವಿಗೆ ಬರುತ್ತದೆ. ಗೃಹಸ್ಥನ ಶಿಕ್ಷಾವ್ರತಗಳಲ್ಲಿ ಒಂದು ‘ಅತಿಥಿ ಸಂವಿಭಾಗ’. ಸಂವಿಭಾಗವೆಂದರೆ ತನ್ನದರಲ್ಲಿ ಪಾಲು ಕೊಡುವುದು. ಮುನಿಗಳಿಗೆ ಆಹಾರ ಕೊಡುವ ಸಂದರ್ಭದಲ್ಲಿ ಹೇಳಿದ ವ್ರತವಾದರೂ ಅದರ ನೀತಿ ವಿಶಾಲವಾದುದು. ಗೃಹಸ್ಥನು ತನಗೆಂದು ಮಾಡಿಕೊಂಡುದರಲ್ಲಿ ಒಂದು ಭಾಗವನ್ನು ಅತಿಥಿಗೆ ಮೀಸಲಿಡುತ್ತಾನೆ. ನೆರೆಯವನ ತಟ್ಟೆಯಿಂದ ಎತ್ತಿಕೊಟ್ಟ ಅನ್ನ ಸಂವಿಭಾಗವಾಗದು.

ಈ ಅಳತೆಯಿಂದ ನೋಡಿದರೆ ಎರಡು ಬಗೆಯ ಬಿಡಾರಗಳು ಸ್ಪಷ್ಟವಾಗಿ ಬೇರೆಯಾಗುತ್ತವೆ. ಭೇಲೂಪುರದ ಮನೆಯೊಂದರಲ್ಲಿ ವೃದ್ಧ ದಂಪತಿಗಳಿದ್ದಾರೆನ್ನೋಣ. ಮಕ್ಕಳು ದೂರದ ಊರಿನಲ್ಲಿದ್ದಾರೆ. ಮೇಲಿನ ಎರಡು ಕೋಣೆಗಳನ್ನು ಯಾತ್ರಿಕರಿಗೆ ಕೊಟ್ಟು, ಬೆಳಿಗ್ಗೆ ಚಹಾ ಮಾಡಿಕೊಟ್ಟು, ಬಂದ ಹಣದಲ್ಲಿ ಔಷಧ ಕೊಳ್ಳುತ್ತಾರೆ. ಅದು ತಮ್ಮ ಪಾಲಿನಿಂದ ಕೊಟ್ಟ ಕೋಣೆ. ಅವರನ್ನು ದಾಖಲೆಗಳಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಸದ, ಶುಲ್ಕ ಹೊರೆಯಾಗದ ಕಾನೂನು ಬೇಕು. ಇನ್ನೊಂದು ಕಡೆ ದೂರದ ನಗರದ ಹೂಡಿಕೆದಾರನೊಬ್ಬ ಅದೇ ಗಲ್ಲಿಯಲ್ಲಿ ನಾಲ್ಕು ಮನೆಗಳನ್ನು ಕೊಂಡು, ಇದ್ದವರನ್ನು ತೆರವುಗೊಳಿಸಿ, ಬಾಗಿಲಿಗೆ ಸಂಖ್ಯೆಯ ಬೀಗ ಹಾಕಿಸಿ, ಮೊಬೈಲಿನಿಂದ ನಡೆಸುತ್ತಾನೆ. ಅದು ಹೋಟೆಲು. ಹೋಟೆಲಿನ ತೆರಿಗೆ, ಹೋಟೆಲಿನ ಪರೀಕ್ಷೆ, ಹೋಟೆಲಿನ ಹೊಣೆ ಅದಕ್ಕೂ ಬರಬೇಕು. ವಾರ್ಡಿಗೆ ಇಂತಿಷ್ಟೇ ಎಂಬ ಮಿತಿಯೂ ಇರಬೇಕು.

ಆಸ್ತಿ ತನ್ನದಾದ ಮೇಲೆ ಯಾರಿಗೆ ಬೇಕಾದರೂ ಕೊಡುವ ಹಕ್ಕು ಮಾಲೀಕನಿಗಿಲ್ಲವೇ ಎಂಬುದು ಬಲವಾದ ಆಕ್ಷೇಪ. ವ್ಯಾಪಾರವೃತ್ತಿಯ ಸಮಾಜದಲ್ಲಿ ಅದು ಮತ್ತೂ ಸಹಜ. ಆದರೆ ಉಮಾಸ್ವಾಮಿಗಳ ‘ತತ್ತ್ವಾರ್ಥ ಸೂತ್ರ’ವು ಅಚೌರ್ಯ ವ್ರತದ ಅತಿಚಾರಗಳನ್ನು ಎಣಿಸುವಾಗ ಬರೀ ಕನ್ನ ಹಾಕುವುದನ್ನು ಹೇಳಿ ಸುಮ್ಮನಾಗಲಿಲ್ಲ. ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವ ‘ವಿರುದ್ಧರಾಜ್ಯಾತಿಕ್ರಮ’ವೂ ಒಂದರಂತೆ ಮತ್ತೊಂದನ್ನು ತೋರಿಸಿ ಮಾರುವ ‘ಪ್ರತಿರೂಪಕ ವ್ಯವಹಾರ’ವೂ ಅಲ್ಲಿ ಸೇರಿವೆ. ನೋಂದಣಿಯಿಲ್ಲದೆ ನಡೆಸುವ ಬಿಡಾರ ಮೊದಲನೆಯದರ ಕೆಳಗೆ ಬರುತ್ತದೆ. ಯಾರೂ ವಾಸವಿಲ್ಲದ ಹೋಟೆಲನ್ನು ‘ಮನೆ’ ಎಂದು ಕರೆದು ಮನೆಗಿರುವ ರಿಯಾಯಿತಿ ಪಡೆಯುವುದು ಎರಡನೆಯದರ ಕೆಳಗೆ. ಹಾಲಿಗೆ ನೀರು ಬೆರೆಸುವುದನ್ನು ಪಾಪವೆಂದು ತಿಳಿದ ಕುಟುಂಬಗಳು ಇದನ್ನೂ ಅದೇ ಸಾಲಿನಲ್ಲಿ ಇಡಬೇಕಾಗುತ್ತದೆ.

ಸಮಾಜ ತನ್ನ ಸಂಸ್ಥೆಗಳನ್ನೂ ಇದೇ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಗಣೇಶಪ್ರಸಾದ ವರ್ಣೀಜಿಯವರು ಯುವಕರಾಗಿ ಕಾಶಿಗೆ ಓದಲು ಬಂದಾಗ ಜೈನನೆಂಬ ಕಾರಣಕ್ಕೆ ಪಾಠ ನಿರಾಕರಿಸಲ್ಪಟ್ಟವರು. ಕೈಗೆ ಬಂದ ಒಂದು ರೂಪಾಯಿಯಿಂದ 64 ಅಂಚೆ ಕಾರ್ಡುಗಳನ್ನು ಕೊಂಡು, ಸಹಾಯ ಕೋರಿ ಬರೆದು, 1905ರಲ್ಲಿ ಭದೈನಿಯಲ್ಲಿ ಸ್ಯಾದ್ವಾದ ಮಹಾವಿದ್ಯಾಲಯವನ್ನು ಕಟ್ಟಿದ ಕಥೆ ಪ್ರಸಿದ್ಧ. ಬಡ ವಿದ್ಯಾರ್ಥಿಗೆ ಕಾಶಿಯಲ್ಲಿ ಒಂದು ನೆಲೆ ಬೇಕೆಂಬುದೇ ಅದರ ಹಿಂದಿನ ನೋವು. ದಾನಿಗಳು ವಿದ್ಯಾರ್ಥಿಗಳಿಗೆಂದು, ವ್ರತಿಗಳಿಗೆಂದು, ಬಡ ಯಾತ್ರಿಕರಿಗೆಂದು ಕಟ್ಟಿಸಿದ ಕೋಣೆಗಳನ್ನು ಯಾವುದೇ ಊರಿನ ಯಾವುದೇ ಸಂಸ್ಥೆ ತಂಪುಯಂತ್ರ ಹಾಕಿಸಿ ಹೆಚ್ಚು ಕೊಡುವವರಿಗೆ ಮೀಸಲಿಡಲು ಹೊರಟರೆ, ಆ ಸಂಸ್ಥೆಯ ಸದಸ್ಯರು ಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳಬೇಕು. ಸರ್ಕಾರವನ್ನು ಪ್ರಶ್ನಿಸುವ ಬಾಯಿಗೆ ಆಗಲೇ ಬಲ ಬರುತ್ತದೆ.

ಪರ್ಯಾಯವಿಲ್ಲವೆನ್ನುವಂತಿಲ್ಲ. 2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಲಕ್ಷಾಂತರ ಮಂದಿ ಬಂದರು. ಅವರಿಗಾಗಿ ಊರಿನ ಹೊರಗೆ ತಾತ್ಕಾಲಿಕ ಉಪನಗರಗಳು ಎದ್ದವು. ಉತ್ಸವ ಮುಗಿದ ಮೇಲೆ ಅವನ್ನು ಬಿಚ್ಚಲಾಯಿತು. ಬೆಳಗೊಳದವರು ಬೆಳಗೊಳದಲ್ಲಿಯೇ ಉಳಿದರು. ವಾರಾಣಸಿಯಲ್ಲಿಯೂ 2023ರ ಜನವರಿಯಲ್ಲಿ ಗಂಗೆಯ ಆಚೆಯ ಮರಳಿನ ಮೇಲೆ ಡೇರೆಗಳ ನಗರವೊಂದು ಉದ್ಘಾಟನೆಯಾಯಿತು; ನದಿಯ ಪರಿಸರಕ್ಕೆ ಅದು ತರುವ ಹಾನಿಯ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು. ಅಹಿಂಸೆಯನ್ನು ನಂಬಿದವರಿಗೆ ಆ ಎಚ್ಚರಿಕೆಯೂ ಬೇಕು. ನದಿಯ ಮರಳನ್ನು ಬಿಟ್ಟು, ರೈಲು ನಿಲ್ದಾಣಗಳ ಹಾಗೂ ವರ್ತುಲ ರಸ್ತೆಯ ಬಳಿ ಸಾರ್ವಜನಿಕ ಯಾತ್ರಿ ನಿವಾಸಗಳನ್ನು ಕಟ್ಟುವುದು, ಅಲ್ಲಿಂದ ಘಾಟ್‌ಗಳಿಗೆ ಸುಲಭ ವಾಹನ ಸೌಕರ್ಯ ಕೊಡುವುದು, ಹಳೆಯ ಧರ್ಮಶಾಲೆಗಳ ದುರಸ್ತಿಗೆ ನೆರವಾಗುವುದು ಸರ್ಕಾರಕ್ಕೂ ಸಮಾಜಕ್ಕೂ ತೆರೆದಿರುವ ದಾರಿ.

ಇನ್ನು ದೂರದ ಊರುಗಳಲ್ಲಿರುವ ಕನ್ನಡ ಜೈನ ಕುಟುಂಬಗಳು ಏನು ಮಾಡಬಹುದು? ಕೋಣೆ ಗೊತ್ತುಮಾಡುವ ಮುನ್ನ ಎರಡು ಪ್ರಶ್ನೆ ಕೇಳಬಹುದು: ಈ ಮನೆಗೆ ನೋಂದಣಿಯಿದೆಯೇ? ಮನೆಯವರು ಇದೇ ಮನೆಯಲ್ಲಿ ವಾಸವಾಗಿದ್ದಾರೆಯೇ? ತೃಪ್ತಿಕರ ಉತ್ತರ ಬಾರದಿದ್ದರೆ ಧರ್ಮಶಾಲೆಗೋ ನೋಂದಾಯಿತ ಹೋಟೆಲಿಗೋ ಹೋಗಬಹುದು. ತೀರ್ಥಕ್ಷೇತ್ರದಲ್ಲಿ ಮನೆ ಕೊಂಡಿದ್ದರೆ ವರ್ಷದ ಹೆಚ್ಚು ಕಾಲ ಖಾಲಿ ಬಿಡುವುದಕ್ಕಿಂತ ಅಲ್ಲಿಯ ಒಂದು ಕುಟುಂಬಕ್ಕೆ ನ್ಯಾಯವಾದ ಬಾಡಿಗೆಗೆ ಕೊಡಬಹುದು. ಕಾರ್ಕಳದಲ್ಲಿ, ಮೂಡುಬಿದಿರೆಯಲ್ಲಿ, ಹುಂಚದಲ್ಲಿ ಬೀಗ ಬಿದ್ದಿರುವ ಹಿರಿಯರ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಬೆಂಗಳೂರಿನಲ್ಲೋ ಪುಣೆಯಲ್ಲೋ ಬಾಡಿಗೆ ಮನೆ ಹುಡುಕುತ್ತ ಮಕ್ಕಳ ಶಾಲೆಯ ಬಾಗಿಲಿನಿಂದ ದೂರ ದೂರ ಸರಿದ ಅನುಭವ ಈ ಸಭೆಯ ಅನೇಕ ಕುಟುಂಬಗಳಿಗಿದೆ. ಭದೈನಿಯ ಗಲ್ಲಿಯಿಂದ ಇಂದು ನಗರದ ಅಂಚಿಗೆ ಹೋಗುತ್ತಿರುವ ಕುಟುಂಬದ ಕಷ್ಟ ಅದೇ ಕಷ್ಟ. ಸುಪಾರ್ಶ್ವನಾಥರ ದರ್ಶನಕ್ಕೆ ಹೋದವರು ಮೆಟ್ಟಿಲಿಳಿದು ಬರುವಾಗ ಅಕ್ಕಪಕ್ಕದ ಬಾಗಿಲುಗಳನ್ನು ಒಮ್ಮೆ ನೋಡಬೇಕು. ಒಳಗೆ ದೀಪ ಹಚ್ಚುವವರು, ಮಕ್ಕಳನ್ನು ಗದರುವವರು, ಅಡಿಗೆಯ ಒಗ್ಗರಣೆ ಹಾಕುವವರು ಇನ್ನೂ ಇದ್ದಾರೆಯೇ ಎಂದು ವಿಚಾರಿಸಬೇಕು. ಅವರು ಅಲ್ಲಿ ಉಳಿಯುವಂತೆ ನೋಡಿಕೊಳ್ಳುವ ಕಾನೂನನ್ನು ಕೇಳುವುದು ಯಾತ್ರಿಕರ ಕರ್ತವ್ಯವೂ ಹೌದು.

ಜಯ ಜಿನೇಂದ್ರ.